ಕೋನಮಾಪಕ ಹಿಡಿದು ನೋಡಿದ ನನ್ನ ಮಣಿಕಟ್ಟು

ಅವತ್ತು ರೊಟ್ಟಿ ಪಂಚಮಿ. 2024ರ ಆಗಸ್ಟ್. ನಮ್ಮ ಧಾರವಾಡದ ಕಡೆ ನಾಗರ ಪಂಚಮಿಯ ಹಿಂದಿನ ದಿನ ಮನೆ ಮನೆಗೆ ರೊಟ್ಟಿ, ಪಲ್ಯ, ಚಟ್ನಿ ಹಂಚುತ್ತೇವೆ. ಬೆಳಿಗ್ಗೆ ಐದಕ್ಕೇ ಎದ್ದು ನಲವತ್ತು ರೊಟ್ಟಿ ಬಡಿದಿದ್ದೆ. ಅರ್ಧ ಜೋಳದ್ದು, ಅರ್ಧ ಎಳ್ಳು ಹಚ್ಚಿದ ಸಜ್ಜೆಯದು. ಹಿಂದಿನ ಮನೆಯವರಿಗೆ ಕೊಡೋಣ ಅಂತ ಹಿತ್ತಲ ಬಾಗಿಲಿಂದ ಹೊರಟೆ. ಮೂರು ದಿನದಿಂದ ಜಿಟಿಜಿಟಿ ಮಳೆ. ಫರಸಿ ಕಲ್ಲಿನ ಮೇಲೆ ಪಾಚಿ ಕಟ್ಟಿತ್ತು. ಕಾಲು ಜಾರಿತು. ಎಡಗೈಯಲ್ಲಿ ಬುಟ್ಟಿ ಇತ್ತು. ಬಲಗೈ ತಾನಾಗೇ ಮುಂದೆ ಹೋಗಿ ನೆಲಕ್ಕೆ ಊರಿತು. ಇಡೀ ಮೈಭಾರ ಆ ಒಂದು ಅಂಗೈ ಮೇಲೆ ಬಿತ್ತು.

ನೋವು ಗೊತ್ತಾಗುವ ಮೊದಲೇ ಕೈಯ ಆಕಾರ ಕಣ್ಣಿಗೆ ಬಿತ್ತು. ಮಣಿಕಟ್ಟಿನ ಹತ್ತಿರ ಕೈ ಹಿಂದಕ್ಕೆ ಉಬ್ಬಿ, ಮತ್ತೆ ಕೆಳಗೆ ಇಳಿದಿತ್ತು. ಬೋರಲು ಇಟ್ಟ ಫೋರ್ಕ್ ಚಮಚ ಪಕ್ಕದಿಂದ ಹೇಗೆ ಕಾಣುತ್ತದೆಯೋ ಹಾಗೆ. ಡಾಕ್ಟರುಗಳೂ ಇದನ್ನು ಫೋರ್ಕಿಗೇ ಹೋಲಿಸುತ್ತಾರೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ಅತ್ತೆ ಒಳಗಿಂದ ಬಂದು ನೋಡಿದವರೇ, "ಯವ್ವಾ, ಎಲುಬು ಮುರದೈತಿ, ಅಳಗ್ಯಾಡಿಸಬ್ಯಾಡ" ಅಂದರು. ಅವರಿಗೆ ಆಗ 86 ವರ್ಷ. ಅವರ ಬಲಗೈಯೂ ಹತ್ತು ವರ್ಷದ ಹಿಂದೆ ಹೀಗೇ ಮುರಿದಿತ್ತು. ಆ ಕೈಯ ವಿಷಯ ಮುಂದೆ ಬರುತ್ತದೆ.

ನನಗೆ ಆಗ 62. ಮೂವತ್ತು ವರ್ಷಕ್ಕೂ ಜಾಸ್ತಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಕೋನ, ತ್ರಿಕೋನ, ಲಂಬ ಅಂದರೆ ನನಗೆ ಮನೆ ಮಾತಿನ ಹಾಗೆ. ಅದಕ್ಕೇ ಇರಬೇಕು, ಆ ಆರು ತಿಂಗಳಲ್ಲಿ ನನಗೆ ಧೈರ್ಯ ಕೊಟ್ಟಿದ್ದು ಸಮಾಧಾನದ ಮಾತಿಗಿಂತ ಎಕ್ಸ್‌ರೇ ಮೇಲೆ ಎಳೆದ ಗೆರೆಗಳು.

ಮನೆ ಹತ್ತಿರದ ಒಂದು ಆಸ್ಪತ್ರೆಗೆ ಹೋದೆವು. ಎರಡು ಫಿಲ್ಮ್ ತೆಗೆದರು. ಒಂದು ಕೈಯನ್ನು ಬೋರಲಾಗಿ ಇಟ್ಟು ಮೇಲಿನಿಂದ, ಇನ್ನೊಂದು ಪಕ್ಕದಿಂದ. ರೇಡಿಯಸ್ ಎಲುಬಿನ ತುದಿ ಮುರಿದಿತ್ತು. ಮುಂಗೈಯಲ್ಲಿ ಎರಡು ಎಲುಬು ಇರುತ್ತವೆ. ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಮುರಿದ ಜಾಗಕ್ಕೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಒಬ್ಬರು ಮೊಣಕೈ ಹಿಡಿದರು, ಇನ್ನೊಬ್ಬರು ಬೆರಳು ಹಿಡಿದು ಎಳೆದು ಕೂಡಿಸಿದರು. ಪ್ಲಾಸ್ಟರ್ ಹಾಕಿ ಮತ್ತೊಂದು ಫಿಲ್ಮ್ ತೆಗೆದರು. "ಚಲೋ ಕೂತೈತ್ರಿ. ಐದು ವಾರ ಬಿಟ್ಟು ಬರ್ರಿ" ಅಂದರು. ನಾನೂ ನೆಮ್ಮದಿಯಾಗಿ ಮನೆಗೆ ಬಂದೆ.

ಪಂಚಮಿಗೆ ಬಂದ ನೆಂಟರೆಲ್ಲ ಒಂದೊಂದು ಹೇಳಿದರು. ನಮ್ಮ ಮೈದುನ, ಹಳ್ಳಿಯಲ್ಲಿ ಎಲುಬು ಕೂಡಿಸುವವರು ಇದ್ದಾರೆ, ಪ್ಲಾಸ್ಟರ್ ಬಿಚ್ಚಿಸಿ ಪಟ್ಟಿ ಕಟ್ಟಿಸೋಣ ಅಂತ ಎರಡು ದಿನ ಬೆನ್ನು ಹತ್ತಿದ. ನಾನು ಒಪ್ಪಲಿಲ್ಲ. ಫಿಲ್ಮ್ ಇಲ್ಲದೆ ಒಳಗೆ ಏನಾಗಿದೆ ಅಂತ ಹೊರಗಿನಿಂದ ಹೇಗೆ ಹೇಳುವುದು? ಹಳೆಯ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ, ನಿಜ. ಈ ಮುರಿತವನ್ನು ಡಬ್ಲಿನ್ ಊರಿನ ಅಬ್ರಹಾಂ ಕೋಲಿಸ್ ಅನ್ನುವ ಸರ್ಜನ್ 1814ರಲ್ಲಿ ವಿವರಿಸಿದರು. ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಎಕ್ಸ್‌ರೇ ಬಂದದ್ದು 1895ರಲ್ಲಿ. ಅಂದರೆ ಅವರು 81 ವರ್ಷ ಮೊದಲೇ, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿಯೇ ಅಷ್ಟು ಸರಿಯಾಗಿ ಹೇಳಿದ್ದರು. ಆದರೆ ನಮಗೆ ಫಿಲ್ಮ್ ಇದೆ. ಇದ್ದೂ ನೋಡದೆ ಇರುವುದು ಯಾಕೆ?

ಮಳೆಗಾಲ, ಮನೆಯಲ್ಲಿ ಕೂತು ಬೇರೆ ಕೆಲಸ ಇಲ್ಲ. ಎಡಗೈಯಿಂದ ಫಿಲ್ಮನ್ನು ಕಿಟಕಿ ಗಾಜಿಗೆ ಅಂಟಿಸಿ ನೋಡುತ್ತಾ ಕೂತೆ. ರೇಡಿಯಸ್‌ನ ತುದಿ ಚಪ್ಪಟೆ ಇಲ್ಲ, ಇಳಿಜಾರಾಗಿದೆ ಅಂತ ಆಗಲೇ ಗಮನಕ್ಕೆ ಬಂತು. ಹೆಬ್ಬೆರಳಿನ ಕಡೆ ಎತ್ತರ, ಕಿರುಬೆರಳಿನ ಕಡೆ ತಗ್ಗು. ಬೀರುವಿನಿಂದ ಹಳೆಯ ಕಂಪಾಸ್ ಪೆಟ್ಟಿಗೆ ತೆಗೆದು ಕೋನಮಾಪಕ ಇಟ್ಟೆ. ಬಿದ್ದ ದಿನದ ಫಿಲ್ಮಿನಲ್ಲಿ ಇಳಿಜಾರು 12 ಡಿಗ್ರಿ. ಎಳೆದು ಕೂಡಿಸಿದ ಮೇಲೆ 20. ಇದಕ್ಕೆ ಏನು ಅರ್ಥ ಅಂತ ತಿಳಿಯಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹುಬ್ಬಳ್ಳಿಯಲ್ಲಿ ಎಲುಬಿನ ಡಾಕ್ಟರ್. ಅವನಿಗೆ ಫೋನ್ ಮಾಡಿದೆ.

ಅವನು ನನ್ನ ಕೋನ ಕೇಳಿ ಖುಷಿಪಟ್ಟ. ಆಮೇಲೆ ಮೊದಲು ಕೇಳಿದ್ದು, "ಟೀಚರ್ರ, ಮುಂದಿನ ಫಿಲ್ಮ್ ಯಾವಾಗ ಅಂದಾರ್ರಿ?"

"ಐದು ವಾರಕ್ಕಪ್ಪಾ."

ಸ್ವಲ್ಪ ಹೊತ್ತು ಸುಮ್ಮನಾದ. "ಬ್ಯಾಡ್ರಿ. ಹಿಂತಾ ಮುರಿತಕ್ಕ ಮೊದಲ ಎರಡು ಮೂರು ವಾರ, ವಾರಕ್ಕೊಮ್ಮೆ ನೋಡಬೇಕ್ರಿ. ಒಳಗ ಜಾರಿದ್ರ ನಿಮಗ ಗೊತ್ತಾಗಂಗಿಲ್ಲ."

ಅವನು ಹೇಳಿದ ಲೆಕ್ಕ ಇದು. ಲಾಫಾಂಟೇನ್ ಅನ್ನುವ ಡಾಕ್ಟರ್ ಮತ್ತು ಅವರ ಜೊತೆಯವರು 1989ರಲ್ಲಿ ಐದು ಗುರುತು ಹೇಳಿದ್ದರು. ವಯಸ್ಸು 60 ದಾಟಿರುವುದು. ಬಿದ್ದಾಗಲೇ ಎಲುಬಿನ ತುದಿ 20 ಡಿಗ್ರಿಗಿಂತ ಜಾಸ್ತಿ ಹಿಂದಕ್ಕೆ ವಾಲಿರುವುದು. ಹಿಂಬದಿಯ ಎಲುಬು ಪುಡಿಯಾಗಿರುವುದು. ಮುರಿತ ಕೀಲಿನ ಒಳಗೆ ಹೋಗಿರುವುದು. ಅಲ್ನಾದ ತುದಿಯೂ ಮುರಿದಿರುವುದು. ಇದರಲ್ಲಿ ಮೂರು ಇದ್ದರೆ, ಪ್ಲಾಸ್ಟರ್ ಒಳಗೇ ಜಾರುವ ಸಂಭವ ಜಾಸ್ತಿ. ನನಗೆ ನಾಲ್ಕು ಇದ್ದವು. ಅಲ್ನಾ ಒಂದು ಉಳಿದಿತ್ತು.

ಯಾಕೆ ಜಾರುತ್ತದೆ ಅನ್ನುವುದು ನನಗೆ ಬಹಳ ಮುಖ್ಯ ಅನಿಸಿತು. ವಯಸ್ಸಾದವರ ಎಲುಬಿನ ಒಳಗೆ ಟೊಳ್ಳು ಬಂದಿರುತ್ತದೆ. ಬಿದ್ದಾಗ ಹಿಂಬದಿಯ ಎಲುಬು ಜಜ್ಜಿ ಒಳಗೆ ಕುಸಿಯುತ್ತದೆ. ಎಳೆದು ನೇರ ಮಾಡಿದಾಗ ಹೊರಗಿನ ಆಕಾರ ಸರಿಹೋಗುತ್ತದೆ, ಒಳಗೆ ಮಾತ್ರ ಖಾಲಿ ಜಾಗ ಉಳಿಯುತ್ತದೆ. ಬುಡದ ಕಲ್ಲು ಪುಡಿಯಾದ ಗೋಡೆಯನ್ನು ಕೈಯಿಂದ ಎತ್ತಿ ನಿಲ್ಲಿಸಿದ ಹಾಗೆ. ಒಂದು ವಾರದಲ್ಲಿ ಬಾವು ಇಳಿದು ಪ್ಲಾಸ್ಟರ್ ಸಡಿಲ ಆಗುತ್ತದೆ. ಗೋಡೆ ಮತ್ತೆ ಆ ಖಾಲಿ ಕಡೆಗೇ ವಾಲುತ್ತದೆ. ನೋವು ಜಾಸ್ತಿ ಆಗಲೇಬೇಕು ಅಂತ ಇಲ್ಲ. ನನಗಂತೂ ನೋವು ಕಡಿಮೆಯೇ ಆಗಿತ್ತು!

ಬಿದ್ದ ಒಂಬತ್ತನೇ ದಿನ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆ. ಎಕ್ಸ್‌ರೇ ತೆಗೆಯುವ ಹುಡುಗ ಬಹಳ ತಾಳ್ಮೆಯವನು. ಭುಜದ ಎತ್ತರಕ್ಕೆ ತೋಳು ಚಾಚಿಸಿ, ಮೊಣಕೈ ಸರಿಯಾಗಿ ತೊಂಬತ್ತು ಡಿಗ್ರಿ ಮಡಿಸಿ, ಅಂಗೈಯನ್ನು ಬೋರಲಾಗಿ ಇಡಿಸಿದ. ಒಂದು ಸಲ ತೆಗೆದು ನೋಡಿ, "ಅಕ್ಕೋರ, ಸ್ವಲ್ಪ ಹೊಳ್ಳೇತ್ರಿ, ಇನ್ನೊಮ್ಮೆ ತೆಗೀತೀನಿ" ಅಂದ. ಮುಂಗೈ ಸ್ವಲ್ಪ ತಿರುಗಿದರೂ ಎರಡು ಎಲುಬುಗಳ ಉದ್ದದ ವ್ಯತ್ಯಾಸ ಬೇರೆ ಕಾಣುತ್ತದಂತೆ. ಪಕ್ಕದ ಫಿಲ್ಮಿನ ವಾಲುವಿಕೆಯೂ ಬದಲಾಗುತ್ತದೆ. ಅಳತೆ ಎಷ್ಟು ಚೆನ್ನಾಗಿ ತೆಗೆದರೂ ಕೈ ಇಟ್ಟ ರೀತಿ ತಪ್ಪಿದ್ದರೆ ಉತ್ತರವೂ ತಪ್ಪು. ಆ ಹುಡುಗನ ಕೆಲಸದ ಮೇಲೆ ನನಗೆ ಅವತ್ತು ತುಂಬಾ ಗೌರವ ಬಂತು. ಕೊನೆಗೆ ನನ್ನ ಒಳ್ಳೆಯ ಎಡಗೈಯದೂ ಎರಡು ಫಿಲ್ಮ್ ತೆಗೆದ. ಪುಸ್ತಕದ ಸರಾಸರಿಗಿಂತ ನನ್ನದೇ ಇನ್ನೊಂದು ಕೈ ನನಗೆ ಸರಿಯಾದ ಅಳತೆಗೋಲು ಅಲ್ವಾ?

ನನ್ನ ವಿದ್ಯಾರ್ಥಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹಾಕಿ ಕುರ್ಚಿ ನನ್ನ ಕಡೆ ಎಳೆದ. "ಟೀಚರ್ರ, ಗೆರಿ ಎಳೀತೀನಿ, ನೀವ ಓದ್ರಿ."

ಮೊದಲು ಮೇಲಿನಿಂದ ತೆಗೆದ ಫಿಲ್ಮ್. ರೇಡಿಯಸ್‌ನ ನಡುವೆ ಉದ್ದಕ್ಕೆ ಒಂದು ಗೆರೆ. ಅದಕ್ಕೆ ಲಂಬವಾಗಿ ಇನ್ನೊಂದು. ಹೆಬ್ಬೆರಳಿನ ಕಡೆಯ ಚೂಪು ತುದಿಯಿಂದ ಅಲ್ನಾ ಪಕ್ಕದ ಮೂಲೆಯವರೆಗೆ ಮೂರನೆಯದು. ಲಂಬದ ಗೆರೆಗೂ ಈ ಗೆರೆಗೂ ನಡುವಿನ ಕೋನವೇ ಇಳಿಜಾರು. ಸಾಮಾನ್ಯವಾಗಿ 22, 23 ಡಿಗ್ರಿ ಇರುತ್ತದೆ. ನನ್ನ ಎಡಗೈಯಲ್ಲಿ 23. ಮುರಿದ ಕೈಯಲ್ಲಿ ಆ ದಿನ 15.

ಆ ಚೂಪು ತುದಿ ಮೂಲೆಗಿಂತ ಎಷ್ಟು ಮೇಲಿದೆ ಅನ್ನುವುದು ಎತ್ತರ. ಅದು ಸಾಮಾನ್ಯವಾಗಿ 11, 12 ಮಿಲಿಮೀಟರ್. ನನ್ನದು 7ಕ್ಕೆ ಇಳಿದಿತ್ತು. ನೋಡುತ್ತಿದ್ದಂತೆ ನನಗೆ ಹತ್ತನೇ ತರಗತಿಯ ಪಾಠ ನೆನಪಾಯಿತು. ಇಳಿಜಾರು, ಎತ್ತರ ಎರಡೂ ಒಂದೇ ಲಂಬಕೋನ ತ್ರಿಭುಜದವು. ಪಾದ ಸುಮಾರು 27 ಮಿಲಿಮೀಟರ್. 15 ಡಿಗ್ರಿಯ ಟ್ಯಾನ್ ತೆಗೆದು ಗುಣಿಸಿದರೆ ಏಳೇ ಬರುತ್ತದೆ. ಅವನ ಚೀಟಿಯ ಹಿಂದೆ ಎಡಗೈಯಲ್ಲೇ ಗೀಚಿ ತೋರಿಸಿದೆ. ಅವನು ಕ್ಲಾಸಿನಲ್ಲಿ ಕೂತ ಹುಡುಗನ ಹಾಗೆ ನೋಡಿದ.

ಆಮೇಲೆ ಎರಡು ಎಲುಬುಗಳ ಉದ್ದದ ಹೋಲಿಕೆ. ಎಡಗೈಯಲ್ಲಿ ಎರಡೂ ಸಮ. ಬಲಗೈಯಲ್ಲಿ ಅಲ್ನಾ 4 ಮಿಲಿಮೀಟರ್ ಮುಂದೆ ಬಂದಿತ್ತು. ಅಲ್ನಾ ಬೆಳೆದಿಲ್ಲ, ರೇಡಿಯಸ್ ಕುಸಿದಿದೆ. ನಾಲ್ಕು ಮಿಲಿಮೀಟರ್ ಅಂದರೆ ಎರಡು ಜೋಳದ ಹಿಟ್ಟಿನ ರೊಟ್ಟಿಯ ದಪ್ಪ ಇರಬಹುದು, ಅಷ್ಟೇ. ಇಷ್ಟಕ್ಕೆ ಏನಾಗುತ್ತದೆ ಅಂದೆ. ಅವನು ಹೇಳಿದ್ದು ಕೇಳಿ ಮಾತು ನಿಂತಿತು. ಮಣಿಕಟ್ಟಿನ ಮೇಲೆ ಬೀಳುವ ಭಾರದಲ್ಲಿ ಸುಮಾರು ಶೇಕಡ 80 ರೇಡಿಯಸ್ ಹೊರುತ್ತದೆ, 20 ಅಲ್ನಾ. ಅಲ್ನಾ ಎರಡೂವರೆ ಮಿಲಿಮೀಟರ್ ಉದ್ದವಾದರೆ ಸಾಕು, ಅದರ ಪಾಲು 40ರ ಹತ್ತಿರ ಹೋಗುತ್ತದೆ. 1984ರಲ್ಲಿ ಪಾಮರ್ ಮತ್ತು ವರ್ನರ್ ಅಳೆದು ತೋರಿಸಿದ್ದು. ಕಿರುಬೆರಳಿನ ಕಡೆ ನೋವು, ಅಂಗೈ ತಿರುಗಿಸಲು ಕಷ್ಟ, ಹಿಡಿತ ಕಡಿಮೆ, ಇವೆಲ್ಲ ಅಲ್ಲಿಂದ ಬರುತ್ತವೆ.

ಕೊನೆಗೆ ಪಕ್ಕದ ಫಿಲ್ಮ್. ನನ್ನ ಕಣ್ಣು ತೆರೆಸಿದ್ದು ಇದೇ. ಪಕ್ಕದಿಂದ ನೋಡಿದರೆ ರೇಡಿಯಸ್‌ನ ತುದಿ ಅಂಗೈ ಕಡೆಗೆ ಸ್ವಲ್ಪ ಬಾಗಿರುತ್ತದೆ. ಸರಾಸರಿ 11 ಡಿಗ್ರಿ. ನನ್ನ ಎಡಗೈಯಲ್ಲಿ 9. ಬಿದ್ದಾಗ ಬಲಗೈಯ ತುದಿ ಹಿಂದಕ್ಕೆ 24 ಡಿಗ್ರಿ ವಾಲಿತ್ತು. ಕೂಡಿಸಿದ ಮೇಲೆ ಅಂಗೈ ಕಡೆಗೆ 2. ಒಂಬತ್ತನೇ ದಿನ ಮತ್ತೆ ಹಿಂದಕ್ಕೆ 16. ಸಂಖ್ಯಾರೇಖೆಯಲ್ಲಿ ಇಟ್ಟು ನೋಡಿದರೆ ಇದು ಬರೀ 16 ಅಲ್ಲ. ನನ್ನ ಸಹಜ ಜಾಗ ಸೊನ್ನೆ ಅಲ್ಲ, ಧನ 9. ಅಲ್ಲಿಂದ ಋಣ 16ಕ್ಕೆ ಬಂದರೆ 25 ಡಿಗ್ರಿ ಜಾರಿದ ಹಾಗೆ. ಐದು ವಾರ ಕಾದಿದ್ದರೆ ಅಷ್ಟರಲ್ಲಿ ಎಲುಬು ಅದೇ ವಾಲಿನಲ್ಲಿ ಕೂಡಿಬಿಡುತ್ತಿತ್ತು. ಆಮೇಲೆ ಸರಿ ಮಾಡಬೇಕು ಅಂದರೆ ಕೂಡಿದ್ದನ್ನು ಕೊಯ್ದು ಮತ್ತೆ ಕೂಡಿಸಬೇಕು. ಆ ಮಾತು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಯಾವ ಅಳತೆ ದಾಟಿದರೆ ಆಪರೇಷನ್ ಯೋಚಿಸಬೇಕು ಅಂತ ಕೇಳಿದೆ. ಅಮೆರಿಕದ ಎಲುಬಿನ ಸರ್ಜನ್‌ಗಳ ಸಂಘ 2009ರಲ್ಲಿ ಹೇಳಿದ ಗಡಿಗಳನ್ನು ಅವನು ಹೇಳಿದ. ಎಳೆದು ಕೂಡಿಸಿದ ಮೇಲೂ ರೇಡಿಯಸ್ 3 ಮಿಲಿಮೀಟರಿಗಿಂತ ಜಾಸ್ತಿ ಗಿಡ್ಡವಾಗಿದ್ದರೆ, ಹಿಂದಕ್ಕೆ 10 ಡಿಗ್ರಿಗಿಂತ ಜಾಸ್ತಿ ವಾಲಿದ್ದರೆ, ಕೀಲಿನ ಒಳಗೆ 2 ಮಿಲಿಮೀಟರಿಗಿಂತ ದೊಡ್ಡ ಮೆಟ್ಟಿಲು ಬಿದ್ದಿದ್ದರೆ. ನನಗೆ ಮೊದಲ ಎರಡು ದಾಟಿದ್ದವು. ಕೀಲಿನ ಒಳಗೆ ಗೆರೆ ಇತ್ತು, ಮೆಟ್ಟಿಲು ಇರಲಿಲ್ಲ.

ಆದರೂ ನನಗೆ ಮನಸ್ಸು ಬರಲಿಲ್ಲ. ನಮ್ಮ ಅತ್ತೆಯ ಕೈ ನೆನಪಾಯಿತು. ಅವರದು ಡೊಂಕಾಗಿಯೇ ಕೂಡಿದೆ. ಫಿಲ್ಮ್ ನೋಡಿದರೆ ನನ್ನದಕ್ಕಿಂತ ಕೆಟ್ಟದಾಗಿ ಇರಬೇಕು. ಆದರೂ ಅವರು ಜಡೆ ಹಾಕಿಕೊಳ್ಳುತ್ತಾರೆ, ಹೂ ಕಟ್ಟುತ್ತಾರೆ, ಚಹಾ ಕಪ್ಪು ಎತ್ತುತ್ತಾರೆ. "ಅವರಿಗೆ ಬೇಡದ ಆಪರೇಷನ್ ನನಗ್ಯಾಕಪ್ಪಾ?" ಅಂದೆ.

ಅವನು ಈ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಅದಕ್ಕೆ ನಾನು ಅವನನ್ನು ಮೆಚ್ಚುತ್ತೇನೆ. "ಖರೇ ಐತ್ರಿ ಟೀಚರ್ರ" ಅಂದ. ವಯಸ್ಸಾದವರಲ್ಲಿ ಫಿಲ್ಮ್ ಎಷ್ಟು ಚೆನ್ನಾಗಿದೆ ಅನ್ನುವುದಕ್ಕೂ ಕೈ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೂ ಅಷ್ಟು ಬಿಗಿಯಾದ ಸಂಬಂಧ ಇಲ್ಲವಂತೆ. 65 ದಾಟಿದವರಲ್ಲಿ ಪ್ಲೇಟ್ ಹಾಕಿದವರನ್ನೂ ಪ್ಲಾಸ್ಟರಿನಲ್ಲೇ ಬಿಟ್ಟವರನ್ನೂ ಒಂದು ವರ್ಷದ ಮೇಲೆ ಹೋಲಿಸಿದರೆ ದಿನದ ಕೆಲಸದಲ್ಲಿ ದೊಡ್ಡ ವ್ಯತ್ಯಾಸ ಕಾಣದ ಅಧ್ಯಯನಗಳಿವೆ. ಕೋಲಿಸ್ ಕೂಡ 1814ರಲ್ಲಿ ಅದನ್ನೇ ಬರೆದಿದ್ದರಂತೆ. ಡೊಂಕು ಜೀವನಪೂರ್ತಿ ಉಳಿಯುತ್ತದೆ, ಆದರೆ ಬಹಳ ದಿನದ ಮೇಲೆ ಕೈ ಸಲೀಸಾಗಿ ಆಡುತ್ತದೆ, ನೋವೂ ಹೋಗುತ್ತದೆ ಅಂತ.

"ಹಂಗಾದ್ರ ಅಳತಿ ಯಾಕ ತಗೀಬೇಕು?" ಅಂದೆ.

"ನೀವು ಈ ಕೈಲೆ ಏನೇನು ಮಾಡ್ತೀರಿ ಹೇಳ್ರಿ" ಅಂದ.

ಹೇಳಿದೆ. ದಿನಾ ಹದಿನೈದು ಇಪ್ಪತ್ತು ರೊಟ್ಟಿ. ಬಿಸಿನೀರು ಹಾಕಿ ಹಿಟ್ಟು ನಾದುವುದು. ಹಿಟ್ಟಿನ ಮುದ್ದೆಯನ್ನು ಅಂಗೈಯಿಂದ ಬಡಿಯುತ್ತಾ ತಿರುಗಿಸುವುದು. ಬಾವಿಯಿಂದ ಎರಡು ಕೊಡ ನೀರು. ಸಂಜೆ ಮಕ್ಕಳಿಗೆ ಬೋರ್ಡಿನ ಮೇಲೆ ಗಣಿತ. ಅವನು ಅಂದ, ಅಜ್ಜಿಯ ಕೈಯಿಂದ ಕೇಳುವ ಕೆಲಸ ಬೇರೆ, ನಿಮ್ಮ ಕೈಯಿಂದ ಕೇಳುವ ಕೆಲಸ ಬೇರೆ. ರೊಟ್ಟಿ ಬಡಿಯುವ ಕೈಗೆ ಕಿರುಬೆರಳಿನ ಕಡೆ ಪೆಟ್ಟು ಬೀಳುತ್ತದೆ. ನಾಲ್ಕು ಮಿಲಿಮೀಟರ್ ಮುಂದೆ ಬಂದ ಅಲ್ನಾ ಅಲ್ಲೇ ಕೂತಿದೆ. ಬಿಟ್ಟರೂ ತಪ್ಪಲ್ಲ, ಮಾಡಿದರೂ ತಪ್ಪಲ್ಲ, ಆದರೆ ಎರಡು ವಾರ ದಾಟುವ ಮೊದಲು ನಿರ್ಧಾರ ಆಗಬೇಕು.

ರಾತ್ರಿ ಅತ್ತೆಗೆ ಎಲ್ಲ ಹೇಳಿದೆ. ಅವರು ತಮ್ಮ ಕೈಯನ್ನು ದೀಪದ ಕಡೆ ಹಿಡಿದು ಹೇಳಿದರು: "ನಾ ಕೈ ಮುರಕೊಂಡ ಮ್ಯಾಲೆ ರೊಟ್ಟಿ ಬಡದಿಲ್ಲವ್ವಾ. ನೀ ಬಡೀತಿದ್ದಿ, ಹಂಗಂತ ನಡೀತು." ಹತ್ತು ವರ್ಷ ನಾನು ಅದನ್ನು ಗಮನಿಸಿರಲೇ ಇಲ್ಲ. ವಯಸ್ಸಾಯಿತು ಅಂತ ಬಿಟ್ಟಿದ್ದಾರೆ ಅಂದುಕೊಂಡಿದ್ದೆ.

ಹನ್ನೆರಡನೇ ದಿನ ಆಪರೇಷನ್ ಆಯಿತು. ಕೈಯೊಂದನ್ನೇ ಮರಗಟ್ಟಿಸಿದ್ದರು, ನಾನು ಎಚ್ಚರವಾಗಿದ್ದೆ. ಅಂಗೈ ಕಡೆಯಿಂದ ಕೊಯ್ದು, ಎಲುಬು ಎತ್ತಿ ಕೂಡಿಸಿ, ಪ್ಲೇಟ್ ಇಟ್ಟು ಸ್ಕ್ರೂ ಹಾಕಿದರು. ಸ್ಕ್ರೂಗಳು ಪ್ಲೇಟಿಗೇ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ, ಹಾಗಾಗಿ ಟೊಳ್ಳು ಎಲುಬಿನಲ್ಲೂ ನಿಲ್ಲುತ್ತವೆ. ನಡುನಡುವೆ ಎಕ್ಸ್‌ರೇ ಪರದೆ ನೋಡುತ್ತಿದ್ದರು. ಒಮ್ಮೆ ನನ್ನ ಮುಂಗೈಯನ್ನು ಮೇಜಿನಿಂದ 20 ಡಿಗ್ರಿಯಷ್ಟು ಎತ್ತಿ ಹಿಡಿದು ಪಕ್ಕದ ಚಿತ್ರ ತೆಗೆದರು. ಕೀಲೇ ಇಳಿಜಾರಾಗಿರುವುದರಿಂದ ನೇರವಾಗಿ ತೆಗೆದರೆ ಸ್ಕ್ರೂ ಕೀಲಿನ ಒಳಗೆ ಹೋಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಇಳಿಜಾರಿನಷ್ಟೇ ಎತ್ತಿದರೆ ಕೀಲು ಒಂದು ಗೆರೆಯಾಗಿ ಕಾಣುತ್ತದೆ. ಮಲಗಿದಲ್ಲೇ ಆ ರೇಖಾಗಣಿತ ಅರ್ಥವಾಗಿ ನನಗೆ ಭಯವೇ ಹೋಯಿತು.

ಆಪರೇಷನ್ ಆದ ಮೇಲಿನ ಅಳತೆ: ಇಳಿಜಾರು 22, ಎತ್ತರ 11, ಎರಡು ಎಲುಬು ಸಮ, ಅಂಗೈ ಕಡೆಗೆ ಬಾಗು 7. ಎಡಗೈಯ 9ಕ್ಕೆ ಎರಡು ಕಡಿಮೆ. "ಆ ಎರಡು ಡಿಗ್ರಿಗೆ ಚಿಂತಿ ಮಾಡಬ್ಯಾಡ್ರಿ. ಒಂದ ಫಿಲ್ಮ್ ಇಬ್ಬರು ಅಳದ್ರೂ ಅಷ್ಟು ವ್ಯತ್ಯಾಸ ಬರತೈತಿ" ಅಂದ ನನ್ನ ವಿದ್ಯಾರ್ಥಿ. ಅಳತೆಯಲ್ಲೂ ಎಷ್ಟು ಜಗ್ಗಾಟ ಇದೆ ಅಂತ ತಿಳಿದವನೇ ಅಳತೆಯನ್ನು ಸರಿಯಾಗಿ ಬಳಸಬಲ್ಲ.

ಆಮೇಲಿನ ಕಷ್ಟ ಬೆರಳುಗಳದ್ದು. ಮೊದಲ ಪ್ಲಾಸ್ಟರ್ ಬೆರಳಿನ ಗೆಣ್ಣು ದಾಟಿ ಬಂದಿತ್ತು. ಹನ್ನೆರಡು ದಿನ ಮುಷ್ಟಿ ಕಟ್ಟಲು ಆಗಿರಲಿಲ್ಲ. ಬೆರಳು ಕಟ್ಟಿಗೆ ಆಗಿದ್ದವು. ಪ್ಲಾಸ್ಟರ್ ಅಂಗೈಯ ಅಡ್ಡ ಗೆರೆಯ ಹತ್ತಿರ ನಿಲ್ಲಬೇಕು, ಬೆರಳು ಪೂರ್ತಿ ಮಡಚಲು ಬರಬೇಕು. ಇದು ನನಗೆ ಮೊದಲೇ ಗೊತ್ತಿದ್ದರೆ ಅವತ್ತೇ ಕೇಳುತ್ತಿದ್ದೆ. ಫಿಸಿಯೋಥೆರಪಿ ಹುಡುಗಿ ದಿನಕ್ಕೆ ಐದಾರು ಸಲ ಬೆರಳು ಮಡಚಿ ಬಿಡಿಸಿ ಅಂದಳು. ಕಣ್ಣಲ್ಲಿ ನೀರು ಬರುತ್ತಿತ್ತು. ಕೋನಮಾಪಕ ಈಗ ಬೇರೆ ಕೆಲಸಕ್ಕೆ ಬಂತು. ಅಂಗೈ ಮೇಲೆ ಮಾಡಿ ಪ್ರಸಾದ ಹಿಡಿಯುವ ಹಾಗೆ ತಿರುಗಿಸಲು ಆರನೇ ವಾರ 40 ಡಿಗ್ರಿ ಬರುತ್ತಿತ್ತು, ಹತ್ತನೇ ವಾರ 65. ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ.

ಎಲುಬಿನ ಸಾಂದ್ರತೆಯ ಪರೀಕ್ಷೆಯನ್ನೂ ಮಾಡಿಸಿದರು. ಟಿ ಸ್ಕೋರ್ ಅಂತ ಒಂದು ಸಂಖ್ಯೆ. ಋಣ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಎಲುಬು ಟೊಳ್ಳಾಗಿದೆ ಅಂತ. ನನ್ನದು ಋಣ 2.7. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿಯುವುದು ಮುಂದೆ ಸೊಂಟದ ಎಲುಬು ಮುರಿಯಬಹುದು ಅನ್ನುವ ಎಚ್ಚರಿಕೆಯಂತೆ. ಅತ್ತೆಯ ಕೈ ಮುರಿದಾಗ ಯಾರೂ ಈ ಪರೀಕ್ಷೆ ಹೇಳಿರಲಿಲ್ಲ. ಈಗ ಅವರಿಗೂ ಮಾಡಿಸಿದೆವು, ಇಬ್ಬರೂ ವಾರಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತೇವೆ. ಖಾಲಿ ಹೊಟ್ಟೆಯಲ್ಲಿ, ತುಂಬಿದ ಲೋಟ ನೀರಿನ ಜೊತೆ, ಆಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ. ರವಿವಾರ ಬೆಳಿಗ್ಗೆ ಇಬ್ಬರೂ ಕಟ್ಟೆ ಮೇಲೆ ಕೂತು ಆ ಅರ್ಧ ಗಂಟೆ ಮಾತಾಡುತ್ತೇವೆ. ಹಿತ್ತಲ ಫರಸಿ ಕಲ್ಲನ್ನು ತಿಕ್ಕಿಸಿ, ಕಚ್ಚು ಹೊಡೆಸಿ, ಹಿಡಿದುಕೊಳ್ಳಲು ಒಂದು ಪೈಪೂ ಹಾಕಿಸಿದ್ದೇನೆ.

ಸಂಕ್ರಾಂತಿಗೆ ಮತ್ತೆ ಒಲೆ ಮುಂದೆ ಕೂತೆ. ಸಜ್ಜೆ ಹಿಟ್ಟು ನಾದುವಾಗ ಮಣಿಕಟ್ಟು ಬಿಗಿಯಿತು, ಆದರೆ ಕಿರುಬೆರಳಿನ ಕಡೆ ಚುಚ್ಚಲಿಲ್ಲ. ಮೊದಲ ರೊಟ್ಟಿ ಒಂದು ಅಂಚಿಗೆ ದಪ್ಪ ಬಂತು. ಎರಡನೆಯದು ಹರಿಯಿತು. ಮೂರನೆಯದು ದುಂಡಗೆ ಬಂತು. ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ತಮ್ಮ ಡೊಂಕು ಕೈಯಿಂದ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದರು. ಎಂಟು ರೊಟ್ಟಿ ಆದ ಮೇಲೆ ಕೈ ಸೋತಿತು. "ಸಾಕು ಬಿಡವ್ವಾ, ನಾಳೆ ಒಂಬತ್ತು ಮಾಡೂಣು" ಅಂದರು.